ಎರವುಗೆಂಡದವ್ವನ ಗುಡ್ಡ

ತುಂಗಭದ್ರೆಯ ಬಡಗಣ ಬಯಲಿನಲ್ಲಿ, ನಮ್ಮ ಕೆಂಚನಹಾಳದ ಬೆನ್ನಿಗೇ ನಿಂತಿರುವ ಬೋಳು ಗುಡ್ಡಕ್ಕೆ ಈಗ ನೆತ್ತಿಯವರೆಗೂ ಸಿಮೆಂಟಿನ ಮೆಟ್ಟಿಲುಗಳಾಗಿವೆ. ಮೇಲೆ ಗ್ರಾನೈಟ್ ಹಾಸಿದ ಅಂಗಳ, ಅದರ ನಡುವೆ ಆಳೆತ್ತರವೂ ಇಲ್ಲದ ಹಳೆಯ ಕಲ್ಲುಗುಡಿ, ಗುಡಿಯೊಳಗೆ ದೇವಿಯ ಮುಂದೆ ಒಂದು ಒಲೆ. ಶುಕ್ರವಾರ ಬಂತೆಂದರೆ ಹುಡುಗರು ಹುಡುಗಿಯರು ಬೈಕಿನ ಮೇಲೆ ಬರುತ್ತಾರೆ. ಪರೀಕ್ಷೆ, ನೌಕರಿ, ಮದುವೆ ಎಂದು ಬೇಡಿಕೊಂಡು, ಫೋಟೊ ತೆಗೆದುಕೊಂಡು, ಬಂದಷ್ಟೇ ಬೇಗ ಇಳಿದುಬಿಡುತ್ತಾರೆ. ಅವರಲ್ಲಿ ಯಾರೋ ಒಬ್ಬರು ಫಲಕ ಓದಿ, "ಅಜ್ಜಾ, ದೇವರಿಗ್ಯಾಕ ಇಂಥಾ ಹೆಸರು?" ಎಂದು ನನ್ನನ್ನು ಕೇಳುವುದುಂಟು. ಎರವು ಎಂದರೆ ತಿರುಗಿ ಕೊಡುವ ಮಾತಿನ ಮೇಲೆ ನೆರೆಮನೆಯಿಂದ ತಂದದ್ದು. ಅಷ್ಟು ಹೇಳುವಷ್ಟರಲ್ಲಿ ಬೈಕು ಶುರುವಾಗಿರುತ್ತದೆ. ಕೂತು ಕೇಳುವ ಪುರುಸೊತ್ತು ಇರುವವರಿಗೆ ಪೂರ್ತಿ ಕತೆ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಗೆ ಕಡ್ಡಿಪೆಟ್ಟಿಗೆ ಬರುವುದಕ್ಕೂ ಎಷ್ಟೋ ತಲೆಮಾರು ಮೊದಲು, ಊರಿಗೆಲ್ಲ ಬೆಂಕಿ ಎಂದರೆ ಗುಡ್ಡದವ್ವನ ಒಲೆಯ ಬೆಂಕಿಯೊಂದೇ ಆಗಿತ್ತಂತೆ. ರಾತ್ರಿ ಉಂಡಮೇಲೆ ಪ್ರತಿ ಮನೆಯವರೂ ಒಲೆ ಆರಿಸಿ ಸಾರಿಸಬೇಕು, ನಸುಕಿನಲ್ಲಿ ಗುಡ್ಡ ಹತ್ತಿ ಕುಳ್ಳಿನ, ಅಂದರೆ ಬೆರಣಿಯ, ಮೇಲೆ ಕೆಂಡ ತರಬೇಕು. ಬೇರೆ ಬೆಂಕಿಯಲ್ಲಿ ಬೇಯಿಸಿದ್ದನ್ನು ಯಾರೂ ಬಾಯಿಗಿಡುತ್ತಿರಲಿಲ್ಲ ಎನ್ನುತ್ತಾರೆ. ಕೆಂಡ ಹಂಚುತ್ತಿದ್ದವಳು ಬಾಳವ್ವ ಎಂಬ ಪೂಜಾರಗಿತ್ತಿ. ಊರಗೌಡ ಮುದುಕನಗೌಡ. ಹೆಸರಷ್ಟೇ ಮುದುಕ, ಏರುಜವ್ವನ, ಅದಕ್ಕಿಂತ ಏರಿದ ಸಿಟ್ಟು. ಆ ವರ್ಷ ತಡವಾಗಿ ಬಂದ ಬಿತ್ತಿಗೆಯ ಹೊತ್ತಿನಲ್ಲಿ ಹುಲಿಗೆಪ್ಪನೆಂಬ ರೈತ, ಹೆಂಡತಿ ಯಮನವ್ವನಿಗೆ ದಿನ ತುಂಬಿದೆ ಎಂದು, ಗೌಡನ ಹೊಲಕ್ಕೆ ಬಿಟ್ಟಿ ದುಡಿಯಲು ಹೋಗಲಿಲ್ಲ. ಗೌಡ ಚಾವಡಿಯಲ್ಲಿ ಕೂತು, ಆ ಮನೆಗೆ ಇನ್ನು ಗುಡ್ಡದ ಬೆಂಕಿ ಇಲ್ಲ ಎಂದು ಡಂಗುರ ಸಾರಿಸಿಬಿಟ್ಟ. ಬೆಂಕಿ ಇಲ್ಲವೆಂದಮೇಲೆ ಇನ್ನೇನು ಉಳಿಯಿತು ಹೇಳಿ!

ಎರಡೇ ದಿನಕ್ಕೆ ಯಮನವ್ವ ಹಡೆದಳು. ಶ್ರಾವಣದ ಜಡಿಮಳೆ, ನೆಲವೆಲ್ಲ ತಂಪು. ಬಾಣಂತಿಗೆ ಬಿಸಿನೀರಿಲ್ಲ, ಕೂಸಿಗೆ ಕಾವಿಲ್ಲ. ಕೂಸು ಅಳುವುದನ್ನೂ ಬಿಟ್ಟು ನೀಲಿಗಟ್ಟತೊಡಗಿದಾಗ ಹುಲಿಗೆಪ್ಪ ಕುಳ್ಳು ಹಿಡಿದು ಗುಡ್ಡ ಹತ್ತಿದ. ಊರೆಲ್ಲ ಸಾಲಿನಲ್ಲಿ ನಿಂತಿತ್ತು, ಗೌಡನೂ ಇದ್ದ. ಇನ್ನೂ ಯಾರಿಗೂ ಕೆಂಡ ಸಿಕ್ಕಿರಲಿಲ್ಲ. ಬಾಳವ್ವ ಒಮ್ಮೆ ಗೌಡನ ಮೋರೆ ನೋಡಿದಳು, ಒಮ್ಮೆ ದೇವಿಯ ಮೋರೆ ನೋಡಿದಳು. ಆಮೇಲೆ ಒಲೆಯಲ್ಲಿದ್ದ ಒಳ್ಳೊಳ್ಳೆಯ ಕೆಂಡಗಳನ್ನೆಲ್ಲ ಆಯ್ದು ಹುಲಿಗೆಪ್ಪನ ಕುಳ್ಳಿನ ಮೇಲೆ ಹೇರಿ ಕಳಿಸಿದಳು. ಗೌಡ ಗುಡುಗುವಷ್ಟರಲ್ಲಿ ದೇವಿಯ ಮುಂದಿನ ನೀರಿನ ಕೊಡ ಎತ್ತಿ ಒಲೆಗೆ ಬಗ್ಗಿಸಿಬಿಟ್ಟಳು. "ಅವ್ವನ ಬೆಂಕಿ ಒಂದು ಮನಿಗೆ ಇಲ್ಲಂದ್ರ ಯಾ ಮನಿಗೂ ಇಲ್ಲ" ಎಂದು ಕೊಡ ಬೋರಲು ಹಾಕಿ ಹೊರಗೆ ಬಂದು ಕೂತಳು. ಎಂಥಾ ಎದೆಗಾರಿಕೆ ನೋಡಿ ಆ ಹೆಣ್ಣುಮಗಳದು!

ಊರು ತಣ್ಣಗಾಯಿತು. ನೆನೆಹಾಕಿದ ಕಡಲೆ, ಹಸಿ ಸವತೆಕಾಯಿ ತಿಂದು ಮಕ್ಕಳು ರೊಟ್ಟಿ ರೊಟ್ಟಿ ಎಂದು ಹಟ ಹಿಡಿದವು. ಗಂಡಸರ ಚುಟ್ಟಾ ಕಿವಿಯ ಮೇಲೇ ಉಳಿದವು. ಕಡೆಗೆ ಗೌಡನ ತಾಯಿಯೇ ರೇಗಿದಳು: "ಏನೋ ಮುದುಕಾ, ನಿನ್ನ ಮೀಸಿ ಮ್ಯಾಲ ರೊಟ್ಟಿ ಸುಡ್ಲೇನು? ಊರಾಗ ಬೆಂಕಿ ಇರೋದು ಒಂದ ಮನ್ಯಾಗ. ಹೋಗು, ಇಸಗೊಂಡು ಬಾ." ಆಳನ್ನು ಕಳಿಸುತ್ತೇನೆಂದರೆ ಮುದುಕಿ ಒಪ್ಪಲಿಲ್ಲ. ಗೌಡ ತಾನೇ ಕುಳ್ಳು ಹಿಡಿದು ಹುಲಿಗೆಪ್ಪನ ಹೊಸ್ತಿಲ ಮುಂದೆ ನಿಂತ. ಯಮನವ್ವ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳಂತೆ. ಇಲ್ಲ ಎಂದಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಆದರೆ ಅವಳು ಹೇಳಿದ್ದು ಇಷ್ಟೇ: "ಕೆಂಡ ಎತ್ತಾಕ ಎರಡೂ ಕೈ ಬೇಕು ಗೌಡಾ. ಒಂಚೂರು ಕೂಸು ಹಿಡಕೋ." ಕೂಸು ಬೆಚ್ಚಗಿತ್ತು. ಅದನ್ನು ಎದೆಗೊತ್ತಿಕೊಂಡು ಗೌಡ ಅತ್ತ. "ಎರವಂತ ಒಯ್ತೀನಿ, ತಾಯಿ" ಎಂದು ಕೆಂಡ ಇಸಿದುಕೊಂಡು, ಮಳೆಯಲ್ಲಿ ಕಂಬಳಿ ಮರೆಮಾಡಿ, ಗುಡ್ಡ ಹತ್ತಿ ಅವ್ವನ ಒಲೆಗೆ ತಾನೇ ಹಾಕಿದ. ದೇವರ ಒಲೆಯ ಬೆಂಕಿಯೇ ಹುಲಿಗೆಪ್ಪನ ಮನೆಯ ಎರವು ಎಂದು ಅಂದಿನಿಂದ ಅವ್ವನಿಗೆ ಎರವುಗೆಂಡದವ್ವ, ಎರವಿನ ಕೆಂಡದ ಅವ್ವ, ಎಂಬ ಹೆಸರು.

ನನ್ನ ಅಜ್ಜಿಯ ಕಾಲಕ್ಕೆ ಕಡ್ಡಿಪೆಟ್ಟಿಗೆ ಬಂತು, ನಸುಕಿನ ಸಾಲು ಕರಗಿತು. ಆ ಸಾಲಿನಲ್ಲಿ ನಿಂತವರು ಭಕ್ತಿ ಎಂಬ ಮಾತನ್ನೇ ಆಡುತ್ತಿರಲಿಲ್ಲವಂತೆ; ಒಲೆ ಹೊತ್ತಬೇಕಿತ್ತು, ಹೋಗುತ್ತಿದ್ದರು. ಇವತ್ತು ಯಾರು ಬಂದಿಲ್ಲ, ಯಾರ ಮನೆಯಲ್ಲಿ ಜ್ವರ ಎಂದು ಅಲ್ಲೇ ತಿಳಿಯುತ್ತಿತ್ತು. ಈಗ ಭಕ್ತಿಗೇನೂ ಬರವಿಲ್ಲ, ನೆರೆಮನೆಯ ಸುದ್ದಿ ಮಾತ್ರ ಯಾರಿಗೂ ಬೇಡ. ಹಾಗಂತ ನಾನೇನು ಮನೆಯ ಗ್ಯಾಸಿನ ಒಲೆ ಬಿಟ್ಟವನಲ್ಲ. ಆದರೂ ನಸುಕಿಗೆ ಎಚ್ಚರವಾದಾಗಲೆಲ್ಲ ನಾನು ಕಾಣದ ಆ ಸಾಲನ್ನೇ ನೆನೆಯುತ್ತೇನೆ.

ಒಂದು ಪದ್ಧತಿ ಮಾತ್ರ ಇನ್ನೂ ಉಳಿದಿದೆ, ಬಂದವರು ನೋಡಬಹುದು. ಶ್ರಾವಣದ ಮೊದಲ ಶುಕ್ರವಾರ ಅವ್ವನ ಒಲೆ ಆರಿಸುತ್ತಾರೆ. ಊರಿನಲ್ಲಿ ಎಲ್ಲಕ್ಕಿಂತ ಎಳೆಯ ಕೂಸಿರುವ ಮನೆಯ ತಾಯಿ ಬೆಂಕಿ ತರಬೇಕು, ಅವಳ ಕೂಸನ್ನು ಬೇರೆ ಮನೆಯವರು ಹಿಡಿದಿರಬೇಕು. ಹೋದ ವರ್ಷದ ಸರದಿ ಪಿಂಜಾರ ಹುಸೇನಸಾಬರ ಸೊಸೆ ಮಾಬುಬಿಯದು. ಮನೆಯಲ್ಲಿ ಕೆಂಡ ಎಲ್ಲಿಯದು? ಗ್ಯಾಸಿನ ಒಲೆಯಿಂದ ಹಣತೆ ಹಚ್ಚಿಕೊಂಡು, ಸೆರಗು ಮರೆಮಾಡಿಕೊಂಡು ಬಂದಳು. ಕೂಸು ನನ್ನ ತೋಳಿನಲ್ಲಿ, ಕಂಬಳಿಯೊಳಗಿತ್ತು. ಇನ್ನೇನು ಅಂಗಳ ಮುಟ್ಟಬೇಕು, ಜಿನುಗು ಮಳೆಗೂ ಗಾಳಿಗೂ ಹಣತೆ ಆರಿಹೋಯಿತು. ಬೈಕಿನ ಹುಡುಗನೊಬ್ಬ ಪಾಪ ಓಡಿಬಂದು ಜೇಬಿನಿಂದ ಲೈಟರ್ ತೆಗೆದು ಹಿಡಿದ. ಮಾಬುಬಿ ಅದನ್ನು ನೋಡಿ, "ಇದು ಯಾರ ಮನಿ ಬೆಂಕಿ, ಅಣ್ಣಾ?" ಎಂದಳು. ಹುಡುಗ ಲೈಟರನ್ನು ಜೇಬಿಗಿಳಿಸಿದ. ಅವಳು ಸೆರಗು ಬಿಗಿದುಕೊಂಡು ತಿರುಗಿ ಮೆಟ್ಟಿಲಿಳಿದು ಮನೆಯ ಕಡೆ ಹೋದಳು. ಅವಳು ಬರುವತನಕ ನಾವೆಲ್ಲ ಆ ಮಳೆಯಲ್ಲೇ ನಿಂತಿದ್ದೆವು. ಲೈಟರಿನ ಹುಡುಗನೂ ನಿಂತಿದ್ದ.