ಹುಳದ ಪಾಲಿನ ಐದು ಸಾಲು

ಹತ್ತಿರ ಬಂದು ಕೂತುಕೊಳ್ಳಿ. ಬಾಗಿಲು ಮುಂದೆ ಮಾಡಿ. ಮಠದ ಮಾತು ಇದು, ಈ ಗೋಡೆ ದಾಟಬಾರದು. ಯಾರಿಗೂ ಹೇಳುವುದಿಲ್ಲ ಅಂತ ಆಣೆ ಹಾಕಿದ ಮೇಲೆಯೇ ಮುಂದಿನದು.

ವರದಾ ನದಿಯ ದಂಡೆಗೆ ಒಂದು ಸಣ್ಣ ಮಠ. ನಿಂಬೆವ್ವ ತಾಯಿ ಅಂತ ಒಬ್ಬ ಮುದುಕಿ ಅಲ್ಲಿನ ಗುರು. ಮಾಳವ್ವ ಅವರ ಶಿಷ್ಯೆ.

ಬಂದವರಿಗೆಲ್ಲ ಅನ್ನ ಹಾಕುವ ಮಠ. ಆ ಅನ್ನಕ್ಕೆ ಆಧಾರ ಎಂಟೆಕರೆ ಕರೀ ಹೊಲದ ಹತ್ತಿ. ಹೊಲದ ಉಸ್ತುವಾರಿ ಮಾಳವ್ವನದು.

ಬನದ ಹುಣ್ಣಿಮೆಗೆ ತಾಯಿ ತಮ್ಮ ಜೋಳಿಗೆಯನ್ನು ಒಬ್ಬರ ಹೆಗಲಿಗೆ ಹಾಕುತ್ತಾರೆ, ಅಲ್ಲಿಂದ ಮುಂದೆ ಮಠ ಅವರದು ಅಂತ ಊರೆಲ್ಲ ಮಾತು. ಮಾಳವ್ವ ಆರು ತಿಂಗಳ ಮೊದಲಿಂದಲೇ ಹೆಗಲು ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದಳು.

ಆದರೆ ಆಕೆಯ ಹೊಟ್ಟೆಯೊಳಗೆ ಒಂದು ಸುಳ್ಳು ಕೂತಿತ್ತು. ನಾಲ್ಕು ವರ್ಷದ್ದು.

ಬಿಟಿ ಹತ್ತಿ ಬೀಜದ ಜೊತೆ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತಲ್ಲ, ಸಾದಾ ಹತ್ತಿಯದು? ಹೊಲದ ಸುತ್ತ ಐದು ಸಾಲು ಅದನ್ನೇ ಬಿತ್ತಬೇಕು. ಒಳಗಿನ ಬಿಟಿ ಗಿಡ ತಿಂದರೆ ಕಾಯಿಕೊರಕ ಹುಳ ಸಾಯುತ್ತದೆ. ಹೊರಗಿನ ಐದು ಸಾಲು ಹುಳದ ಪಾಲು. ತಿಂದು ಬದುಕಲಿ ಅಂತ ಬಿಟ್ಟಿದ್ದು.

ಮೊದಲ ವರ್ಷ ಮಾಳವ್ವ ಬಿತ್ತಿದಳು. ಹೊರಸಾಲು ಅಂದರೆ ರಸ್ತೆಗೆ ಕಾಣುವ ಸಾಲು. ಕಾಯಿಗೆಲ್ಲ ತೂತು ಬಿದ್ದವು. ಸಂತೆಗೆ ಹೊರಟವಳೊಬ್ಬಳು ಬುಟ್ಟಿ ಹೊತ್ತುಕೊಂಡೇ ನಿಂತು ನೋಡಿದಳು.

"ಏನವಾ ಮಾಳವ್ವ, ಮಠದ ಹೊಲಕ್ಕ ಗಜ್ಜಿ ಹತ್ತೇತೇನು?"

ಅವಳೇನೋ ನಕ್ಕು ಹೋದಳು. ಮಾಳವ್ವನಿಗೆ ಆ ನಗೆ ಮುಳ್ಳಿನಂತೆ ನೆಟ್ಟಿತು. ಮರುವರ್ಷದಿಂದ ಸಣ್ಣ ಪಾಕೀಟು ಜಂತಿಯ ಸಂದಿ ಸೇರಿತು. ಅಂಚಿನ ತನಕ ಬಿಟಿ.

ಊರಲ್ಲಿ ಬೇರೆ ಯಾರು ಬಿತ್ತುತ್ತಿದ್ದರು ಅಂತ ಕೇಳಬೇಡಿ. ಯಾರೂ ಇಲ್ಲ. ಆದರೆ ಅವರು ಯಾರೂ ಗುರುವಿನ ಎದುರು ಕೂತು, ಪ್ರಸಾದ ಅಗಿಯುತ್ತಾ ಸುಳ್ಳು ಹೇಳಿರಲಿಲ್ಲ.

"ಹುಳದ ಪಾಲು ಬಿತ್ತಿದೇನವಾ?"

"ಬಿತ್ತೀನ್ರಿ ತಾಯಿ."

ನಾಲ್ಕು ವರ್ಷ ಅದೇ ಪ್ರಶ್ನೆ, ಅದೇ ಉತ್ತರ.

ಕಾಯಿಕೊರಕ ಬರಲಿಲ್ಲ, ಸರಿ. ಎಲೆ ಹೀರುವ ಜಿಗಿಹುಳಕ್ಕೆ ಬಿಟಿಯ ಹೆದರಿಕೆ ಇಲ್ಲ ನೋಡಿ, ಅದು ಬಂತು. ಮಾಳವ್ವ ಪಂಪು ಬೆನ್ನಿಗೇರಿಸಿ ಹುಳ ಕೊಲ್ಲುವ ಎಣ್ಣೆ ಹೊಡೆದಳು. ಮತ್ತೆ ಹೊಡೆದಳು. ನಾಲ್ಕನೆಯ ವರ್ಷಕ್ಕೆ ಹೊಲ ಇಸ್ತ್ರಿ ಮಾಡಿದ ಸೀರೆ ಹಾಸಿದಂತಿತ್ತು. ಒಂದು ಎಲೆಗೆ ತೂತಿಲ್ಲ. ಸಂತೆಯವಳು ಈಗ ಬಾಯಿ ಬಿಡಲಿ!

ಆದರೆ ಮಧ್ಯಾಹ್ನ ಹೊಲದೊಳಗೆ ಹೋದರೆ ತನ್ನ ಸೀರೆಯ ಸರಸರ ಒಂದೇ ಕೇಳುತ್ತಿತ್ತು. ಜೇನಿಲ್ಲ. ಮಿಡತೆ ಇಲ್ಲ. ಜೇಡ ಬಲೆ ಕಟ್ಟಿಲ್ಲ. ಕಾಜಾಣ ಹಕ್ಕಿಯೊಂದು ಬಂದು ಬೇಲಿಗೂಟದ ಮೇಲೆ ಕೂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಹೋಗಿಬಿಟ್ಟಿತು.

ಒಂದು ದಿನ ಮಾಳವ್ವ ಕೆಮ್ಮಿದಳು. ಬೇರೆ ಯಾರೋ ಕೆಮ್ಮಿದಂತೆ ಕೇಳಿ ತಿರುಗಿ ನೋಡಿದಳು.

ನಾಲ್ಕು ಸಾಲು ಆಚೆ, ಗಿಡಗಳ ನಡುವೆ, ತಾಯಿ ಕಣ್ಣು ಮುಚ್ಚಿ ಕೂತಿದ್ದರು. ಯಾವಾಗ ಬಂದರೋ!

"ಧ್ಯಾನಾನ್ರಿ ತಾಯಿ?"

"ಅಲ್ಲ. ಯಾರರ ಅದಾರೇನು ಅಂತ ಕೇಳಾಕತ್ತೀನಿ."

"ಒಂದ ಒಂದು ಹುಳ ಇಲ್ಲದಂಗ ನೋಡಿಕೊಂಡೀನ್ರಿ."

"ಮತ್ತ ಈ ಹೂವು ಯಾಕ ಬಾಯಿ ಮುಚ್ಚಿಕೊಂಡೈತಿ?"

ಮಾಳವ್ವ ಬಗ್ಗಿ ನೋಡಿದಳು. ಅರಳಬೇಕಾದ ಹೂವಿನ ಎಸಳುಗಳನ್ನು ಒಳಗಿನಿಂದ ಯಾರೋ ನೂಲು ಹಾಕಿ ಹೊಲಿದಂತಿತ್ತು. ಪಕ್ಕದ್ದೂ ಹಾಗೇ. ಅದರಾಚೆಯದೂ. ಸಾಲಿಗೆ ಸಾಲು.

ತಾಯಿ ಒಂದು ಕಾಯಿ ಬಗ್ಗಿಸಿ ಹಿಡಿದರು. ಹಸಿರು, ದುಂಡು, ಮೇಲೆ ಒಂದು ಗೀರಿಲ್ಲ.

"ಕಿವಿ ಇಡು."

"ಏನೂ ಕೇಳವಲ್ದ್ರಿ."

"ಉಸಿರು ಹಿಡಿ."

ಹಿಡಿದಳು. ಕೇಳಿತು. ಒಳಗೆ ಯಾರೋ ಅವಸರವಿಲ್ಲದೆ ಅಗಿಯುವ ಸದ್ದು.

ತಾಯಿ ಕಾಯಿ ಒಡೆದರು. ಬಿಳಿ ಅರಳೆ ಇರಬೇಕಾದಲ್ಲಿ ಕಂದು ಹೊಲಸು. ಅದರ ನಡುವೆ ಗುಲಾಬಿ ಬಣ್ಣದ ಹುಳ, ಕೂಸಿನ ಕಿರುಬೆರಳಿನ ತುದಿಯಷ್ಟು. ತಲೆಯೆತ್ತಿ ಮಾಳವ್ವನ ಕಡೆ ತಿರುಗಿತು.

"ಬಿಟಿ ತಿಂದ್ರ ಸಾಯಬೇಕಲ್ರಿ ಇದು!"

"ಸಾಯೋವೆಲ್ಲ ಸತ್ತುವು. ಎಲ್ಲೋ ಒಂದೆರಡು ಸಾಯಲಿಲ್ಲ. ಅವಕ್ಕ ಹೆಣ್ಣು ಎಲ್ಲಿ ಸಿಗಬೇಕಾಗಿತ್ತು?"

ಮಾಳವ್ವನ ಕಣ್ಣು ಹೊಲದ ಅಂಚಿಗೆ ಹೋಯಿತು.

"ಹೊರಗಿನ ಐದು ಸಾಲಿನಾಗ. ಸಾದಾ ಹತ್ತಿ ತಿಂದು ಬೆಳೆದ ಹೆಣ್ಣು. ಆ ಸಂಬಂಧ ಕೂಡಿದ್ರ, ಹುಟ್ಟಿದ ಮಕ್ಕಳು ಒಳಗಿನ ಗಿಡ ತಿಂದು ಸಾಯತಿದ್ದುವು. ಐದು ಸಾಲು ಇಲ್ಲಂದ ಮ್ಯಾಲ ಸಾಯದವರು ಸಾಯದವರನ್ನ ಮದುವಿ ಆದ್ರು. ನಾಕು ವರ್ಷ ನಿಂತು ಬೀಗತನ ಮಾಡಿಸಿದಾಕಿ ನೀನ."

"ಇವತ್ತ ಎಣ್ಣಿ ಹೊಡೀತೀನ್ರಿ!"

"ಅದು ಒಳಗ ಬಾಗಿಲ ಹಾಕ್ಕೊಂಡು ಕುಂತೈತಿ. ನೀ ಹೊರಗ ಹೊಡದ್ರ ಸಾಯೋರು ಯಾರು?"

"ತಾಯಿ, ನಾ ಬಿತ್ತೀನಿ ಅಂದದ್ದು..."

ತಾಯಿ ಮಡಿಲಿನಿಂದ ನಾಲ್ಕು ಸಣ್ಣ ಪಾಕೀಟು ತೆಗೆದು, ಒಂದೊಂದಾಗಿ ನೆಲದ ಮೇಲೆ ಇಟ್ಟರು. ಜಂತಿಯ ಧೂಳು ಇನ್ನೂ ಹಾಗೇ ಇತ್ತು.

"ಗೊತ್ತಿದ್ದೂ ಯಾಕ ಬೈಲಿಲ್ರಿ?"

"ವರ್ಷಾ ವರ್ಷಾ ಕೇಳಿದ್ನಲ್ಲ."

ಬನದ ಹುಣ್ಣಿಮೆ ಬಂತು. ಎಂಟೆಕರೆಯಲ್ಲಿ ಮಾರುವಂಥ ಹತ್ತಿ ಒಂದು ಅಂಡಿಗೆ ಚೀಲದಷ್ಟೂ ಆಗಲಿಲ್ಲ. ಇನ್ನೆಲ್ಲಿಯ ಜೋಳಿಗೆ ಅಂತ ಮಾಳವ್ವ ಮೂಲೆ ಹಿಡಿದಿದ್ದಳು. ತಾಯಿ ಬಂದವರೇ ಅದನ್ನು ಆಕೆಯ ಹೆಗಲಿಗೇ ಹಾಕಿದರು. ನೋಡುತ್ತ ನಿಂತ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು.

"ನನಗೇನ್ರಿ? ತಪ್ಪು ಮಾಡಿದಾಕಿಗೆ?"

"ನಿನಗ ಬೇಕಾಗಿತ್ತಲ್ಲ."

ಅಷ್ಟೇ. ನಾಲ್ಕು ಪಾಕೀಟು ಸೆರಗಿಗೆ ಗಂಟು ಹಾಕಿಕೊಂಡು ತಾಯಿ ಹೊಲದ ಒಡ್ಡು ದಾಟಿದರು. ಆಚೆಯ ಬೀಳು ತುಂಡಿನಲ್ಲಿ ಗುಡಿಸಲು ಹಾಕಿಕೊಂಡರು. ಗುರುವೇ ಶಿಷ್ಯೆಗೆ ನೆರೆಯವಳಾಗಿ ಕೂತದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಮಳೆ ಬಿದ್ದ ಮೇಲೆ ಆ ಹಳೇ ಬೀಜದಲ್ಲಿ ಮೊಳೆತಷ್ಟು ಮೊಳೆತವು. ಸೊಟ್ಟ ಗಿಡ, ಜರಡಿಯಂಥ ಎಲೆ. ಆದರೆ ಆ ತುಂಡಿನಿಂದ ಹಗಲೆಲ್ಲ ಗುಂಯ್ ಅನ್ನುವ ಸದ್ದು. ಅನ್ನಕ್ಕೆ ಬರುವವರೂ ಮಠದ ಬಾಗಿಲು ಬಿಟ್ಟು ಗುಡಿಸಲಿಗೇ ಹೋಗತೊಡಗಿದರು. ತಾಯಿ ಅವರಿಗೆ ಏನು ಕೊಡುತ್ತಿದ್ದರೋ, ಯಾರೂ ಬಾಯಿ ಬಿಡಲಿಲ್ಲ.

ಇತ್ತ ಮಾಳವ್ವ ಜೋಳಿಗೆ ಹೊತ್ತು ಒಬ್ಬಳೇ. ಅನ್ನ ಮಾಡಿ ಎಲೆ ಹಾಕಿ ಕೂತರೆ, ಅನ್ನದ ಮೇಲೆ ಒಂದು ನೊಣ ಕೂಡ ಕೂಡುತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಆಕೆಗೆ ತಡೆಯಲಾಗಲಿಲ್ಲ. ಹೋಗಿ ಒಡ್ಡಿನ ಮೇಲೆ ನಿಂತಳು.

ತಾಯಿ ಗಿಡಗಳ ನಡುವೆ ಕೂತಿದ್ದರು. ಸುತ್ತ ನರಪಿಳ್ಳೆ ಇರಲಿಲ್ಲ. ಅವರ ರೆಪ್ಪೆಯ ಮೇಲೆ ಬೂದು ಪತಂಗವೊಂದು ರೆಕ್ಕೆ ಮಡಚಿ ಕೂತಿತ್ತು. ಅವರು ಕಣ್ಣು ಮಿಟುಕಿಸಲಿಲ್ಲ. ಗಾಳಿ ಇಲ್ಲದಿದ್ದರೂ ಎಲೆಗಳು ಸಣ್ಣಗೆ ಅಲುಗುತ್ತಿದ್ದವು; ಒಂದೊಂದು ಎಲೆಗೂ ಹುಳ ಸಾಲಾಗಿ ಕೂತು ಅಗಿಯುತ್ತಿದ್ದವು.

"ತಾಯಿ, ಜೋಳಿಗಿ ನನಗ ಬ್ಯಾಡ್ರಿ. ತಗೊಂಡುಬಿಡ್ರಿ. ನಿಮ್ಮ ಹಂತ್ಯಾಕ ಬರತೀನಿ," ಅಂದವಳೇ ಮಾಳವ್ವ ಒಂದು ಕಾಲನ್ನು ಒಡ್ಡಿನಾಚೆ ಎತ್ತಿದಳು.

ತಾಯಿ ಮುಖವೆತ್ತಿ, ನೇರ ಆಕೆಯ ಮುಖಕ್ಕೇ ಹೇಳಿದರು:

"ಅಲ್ಲೇ ನಿಲ್ಲು ಮಾಳವ್ವ. ಪಂಕ್ತಿ ಇನ್ನಾ ಎದ್ದಿಲ್ಲ."