ಏಡಿಯ ಮೂರನೇ ಕೂಗು

ಕಡಲಿಗೆ ಇನ್ನೂ ಹೊತ್ತುಗೊತ್ತು ತಿಳಿಯದಿದ್ದ ಕಾಲವದು. ಭೂಮಿ ಆಗಷ್ಟೇ ಒಣಗಿತ್ತು. ಮೀನಿಗೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು, ಹೊಳೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಕಡಲು ಮನಸ್ಸು ಬಂದಾಗ ದಡಕ್ಕೆ ಬರುತ್ತಿತ್ತು, ಬೇಜಾರಾದಾಗ ಹಿಂದೆ ಹೋಗುತ್ತಿತ್ತು. ಇಷ್ಟು ಹೊತ್ತಿಗೆ ಉಬ್ಬರ, ಇಷ್ಟು ಹೊತ್ತಿಗೆ ಇಳಿತ ಅನ್ನುವುದೆಲ್ಲ ಆಗ ಇರಲೇ ಇಲ್ಲ.

ಆ ಕಡಲಿಗೆ ಹೊಳೆಯೊಂದು ಬಂದು ಸೇರುವ ಅಳಿವೆಯಲ್ಲಿ ಹಳೇಬಂದರ ಅಂತ ಒಂದು ಊರು. ಆಗಿನ್ನೂ ಹೊಸ ಊರೇ, ಹೆಸರು ಮಾತ್ರ ಹಳೇಬಂದರ. ಯಾಕೆ ಅಂತ ಕೇಳಿದರೆ ಆ ಊರಿನವರಿಗೇ ಗೊತ್ತಿರಲಿಲ್ಲ.

ಊರು ಹೊಸತಾದರೇನು, ದೆವ್ವಗಳಿಗೇನೂ ಬರವಿರಲಿಲ್ಲ. ಕೇದಗೆ ಪೊದೆಯಲ್ಲಿ ಕೂತು ಎಲೆಯಡಿಕೆಗೆ ಸುಣ್ಣ ಕೇಳುವ ದೆವ್ವ ಒಂದು. ಒಡೆದ ಹಡಗಿನ ಹಲಗೆಯ ಮೇಲೆ ಕೂತು ಕೂದಲು ಬಾಚುವ ದೆವ್ವ ಇನ್ನೊಂದು. ಇವೆಲ್ಲ ಪಾಪದವು. ಜನ ನಿಜಕ್ಕೂ ಹೆದರುತ್ತಿದ್ದದ್ದು ಅಳಿವೆಯ ಕೆಸರಿನಲ್ಲಿದ್ದ ಒಂಟಿಕೂಗಿನ ದೆವ್ವಕ್ಕೆ. ಅದು ಹೆಸರು ಹಿಡಿದು ಒಂದೇ ಸಲ ಕೂಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ! ಓಗೊಟ್ಟವರನ್ನು ನೀರಿಗೆ ಎಳೆಯುತ್ತದೆ ಅನ್ನುತ್ತಿದ್ದರು.

ಅದಕ್ಕೇ ಊರ ಹಿರಿಯರು ಒಂದು ಕಟ್ಟುಪಾಡು ಮಾಡಿದ್ದರು. ದೆವ್ವಕ್ಕೆ ಇರುವುದು ಒಂದೇ ಉಸಿರು, ಅದು ಒಂದೇ ಸಲ ಕೂಗುತ್ತದೆ. ಮನುಷ್ಯರಾದವರು ಮೂರು ಸಲ ಕೂಗುತ್ತಾರೆ. ಆದ್ದರಿಂದ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ತಲೆಯೆತ್ತಬಾರದು. ಮೂರನೆಯದು ಕೇಳಿದ ಮೇಲೇ "ಓ" ಅನ್ನಬೇಕು. ಊಟಕ್ಕೆ ಕರೆದರೂ ಹಾಗೇ, ಮೂರು ಸಲ ಕರೆಯಬೇಕು. ಅಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತಿತ್ತು.

ದೇಮು ಅದೇ ಊರಿನವಳು. ಅಳಿವೆಯ ಮರಳುದಿಬ್ಬದಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ, ಚಿಪ್ಪು ಬಿಡಿಸಿ ಮಾರುವುದು ಅವಳ ಕೆಲಸ. ಗಂಡ ಮಾಸ್ತಿ ಹಿಂದಿನ ವರ್ಷ ಅದೇ ಅಳಿವೆಯಲ್ಲಿ ನೀರುಪಾಲಾಗಿದ್ದ. ಆವತ್ತು "ಮಾಸ್ತೀ!" ಅಂತ ಒಂದೇ ಒಂದು ಕೂಗು ಕೇಳಿತ್ತಂತೆ, ಅವನು ಕಟ್ಟುಪಾಡಿನ ಪ್ರಕಾರ ತಲೆಯೆತ್ತಲಿಲ್ಲ. "ಓಗೊಡದಿದ್ದರೂ ದೆವ್ವ ಎಳೆದುಕೊಂಡಿತು" ಅಂದಿತು ಊರು. ದೇಮುವಿಗೆ ಉಳಿದವಳು ಐದು ವರ್ಷದ ಮಗಳು ಹೊನ್ನಿ ಒಬ್ಬಳೇ.

ಅಯ್ಯೋ, ಆ ದೆವ್ವ ದೆವ್ವವೇ ಅಲ್ಲ! ಅದೊಂದು ಏಡಿ. ಹೆಬ್ಬೆರಳಿನಷ್ಟು ಮೈ, ಎರಡು ಪುಟ್ಟ ಕೈ, ಗಂಟಲು ಮಾತ್ರ ಶಂಖದ್ದು. ಕೆಸರಿನ ಬಿಲದಲ್ಲೇ ಸಂಸಾರವಾದ್ದರಿಂದ ನೀರು ಏರುವುದು ಎಲ್ಲರಿಗಿಂತ ಮೊದಲು ಅದಕ್ಕೇ ತಿಳಿಯುತ್ತಿತ್ತು. ಪಾಪ, ಬಳಚು ಹೆಕ್ಕುವವರನ್ನು ಎಚ್ಚರಿಸೋಣವೆಂದು ಹೊರಗೆ ಬರುತ್ತಿತ್ತು, ಹೆಸರು ಹಿಡಿದು ಒಮ್ಮೆ ಕೂಗುತ್ತಿತ್ತು, ಮೇಲೆ ಗರುಡನ ನೆರಳು ಕಂಡದ್ದೇ ಪುಸಕ್ಕನೆ ಬಿಲ ಸೇರುತ್ತಿತ್ತು. ಅಂಥ ಪುಕ್ಕಲು ಅದು.

ಹೊನ್ನಿಗೆ ಮಾತ್ರ ಈ ಗುಟ್ಟು ಗೊತ್ತಿತ್ತು. ದೇಮು ದಿಬ್ಬದಲ್ಲಿ ಕೆಲಸ ಮಾಡುವಾಗ ಹೊನ್ನಿ ಬಿಲದ ಬಾಯಲ್ಲಿ ಕವುಚಿ ಮಲಗಿ, ತನ್ನ ಬುತ್ತಿಯ ಅನ್ನದಿಂದ ನಾಲ್ಕು ಅಗುಳು ಉದುರಿಸುತ್ತಿದ್ದಳು.

"ಏಡಪ್ಪಾ, ಒಂದೇ ಸಲ ಕರದ್ರೆ ನಮ್ಮೂರಲ್ಲಿ ಯಾರೂ ಓ ಅನ್ನೂದಿಲ್ಲ. ಮೂರು ಸಲ ಕರೀಬೇಕು" ಅಂತ ಅವಳೇ ಹೇಳಿಕೊಟ್ಟಳು.

"ಕೇಳಿದ್ರಾ? ಇನ್ನೆರಡು ಸಲ ಕೂಗಿದ್ರೆ ನಿಮ್ಮ ಗಂಟಲೇನು ಹರಿದು ಹೋಗ್ತದಾ?" ಅಂತ ಒಳಗಿನಿಂದ ಏಡಿಯ ಹೆಂಡತಿ ಬೈದಳು.

"ಗಂಟಲಲ್ಲ ಮಾರಾಯ್ತಿ, ಜೀವ!" ಅಂದಿತು ಏಡಿ.

ಹೊನ್ನಿ ಮನೆಗೆ ಬಂದು ಹೇಳಿದರೆ ದೇಮು ನಕ್ಕುಬಿಟ್ಟಳು. "ಏಡಿ ಮಾತಾಡೂದು ಸರಿ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬರ್ತದೆ ಹುಡ್ಗೀ?"

ಒಂದು ದಿನ ಬಿಸಿಲೇರುವ ಹೊತ್ತು. ದೇಮು ದಿಬ್ಬದಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದಳು. ಆಚೆ ಕೆಸರಿನಲ್ಲಿ ಹೊನ್ನಿ ಆಡುತ್ತಿದ್ದಳು. ಕಡಲಿಗೆ ಇದ್ದಕ್ಕಿದ್ದಂತೆ ಮನಸ್ಸು ಬಂತು, ಎದ್ದು ಹೊರಟಿತು.

"ಎಲ್ಲಿಗೆ ಸವಾರಿ?" ಅಂತ ಗಾಳಿ ಕೇಳಿತು.

"ಹೀಗೇ, ಹೊಳೆಯ ಮನೆಗೆ" ಅಂದಿತು ಕಡಲು. ದಾರಿಯಲ್ಲಿ ಯಾರಿದ್ದಾರೆ ಅಂತ ನೋಡುವ ಬುದ್ಧಿ ಅದಕ್ಕಿನ್ನೂ ಬಂದಿರಲಿಲ್ಲ.

ಬಿಲದ ತಳ ಒದ್ದೆಯಾದದ್ದೇ ಏಡಿ ಹೊರಗೆ ಇಣುಕಿತು. ನೋಡಿದರೆ ಹೊನ್ನಿಯ ಕಾಲೆರಡೂ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತಿವೆ, ಸುತ್ತ ನೀರು ಏರುತ್ತಿದೆ. "ಅವ್ವೀ, ಅವ್ವೀ" ಅಂತ ಮಗು ಅಳುತ್ತಿದೆ. ಆ ಎಳೆಯ ದನಿಯನ್ನು ಗಾಳಿ ಹೊಳೆಯ ಕಡೆಗೆ ಎತ್ತಿಕೊಂಡು ಹೋಗುತ್ತಿತ್ತು.

"ದೇಮಕ್ಕಾ!" ಅಂತ ಏಡಿ ಕೂಗಿತು.

ಕೂಗು ದೇಮುವಿನ ಕಿವಿಗೆ ಬಿತ್ತು. ಬಂತಲ್ಲ, ಗಂಡನನ್ನು ತಿಂದ ದೆವ್ವ! ಅವಳು ಸೊಂಟದ ಕತ್ತಿಯ ಕಬ್ಬಿಣ ಮುಟ್ಟಿಕೊಂಡು ತಲೆ ಇನ್ನಷ್ಟು ತಗ್ಗಿಸಿದಳು.

ಮೇಲೆ ಗರುಡ ಸುತ್ತುತ್ತಿತ್ತು. ಏಡಿಯ ಕಾಲುಗಳೆಲ್ಲ ಬಿಲದ ಕಡೆಗೇ ಎಳೆದವು. ಆದರೆ ಅದಕ್ಕೆ ಹೊನ್ನಿ ಹಾಕಿದ ಅನ್ನದ ಅಗುಳು ನೆನಪಾಯಿತು. ಆವತ್ತು ಅದು ಬಿಲಕ್ಕೆ ಹೋಗಲಿಲ್ಲ.

"ದೇಮಕ್ಕಾ!" ಎರಡನೇ ಸಲ ಜೀವದ ಹಂಗು ಬಿಟ್ಟು ಕೂಗಿತು. ಹೆಂಡತಿ ಅಂದ ಹಾಗೆ ಗಂಟಲು ಹರಿದೇ ಹೋಯಿತು. ಅದೇ ಹೊತ್ತಿಗೆ ಗರುಡ ಎರಗಿತು. ಏಡಿ ಒದ್ದಾಡಿ ಬಿಡಿಸಿಕೊಂಡಿತು, ಎಡಗೈ ಮಾತ್ರ ಗರುಡನ ಕೊಕ್ಕಿನಲ್ಲೇ ಉಳಿಯಿತು.

ಇನ್ನು ಮೂರನೇ ಕೂಗಿಗೆ ದನಿಯೇ ಇಲ್ಲ. ಏಡಿ ಉಳಿದ ಒಂದು ಕೈ ಎತ್ತಿತು. ಬೀಸಿತು, ಬೀಸಿತು, ಬೀಸುತ್ತಲೇ ಇತ್ತು.

ಇತ್ತ ದೇಮು ಕಾಯುತ್ತಿದ್ದಳು. ಒಂದಾಯಿತು, ಎರಡಾಯಿತು. ದೆವ್ವ ಎರಡು ಸಲ ಕೂಗುವುದಿಲ್ಲವಲ್ಲ, ಹಾಗಾದರೆ ಇದು ಯಾರು? ಮೂರನೆಯದು ಬರಲಿ, ಈಗ ಬರಲಿ. ಬರಲಿಲ್ಲ. ಹುಟ್ಟಿದಂದಿನಿಂದ ಮೂರಕ್ಕೇ ಓ ಅಂದವಳು ಅವಳು. ತಲೆಯೆತ್ತಲು ಕುತ್ತಿಗೆಯೇ ಕೇಳಲಿಲ್ಲ. ಆದರೆ ಹೆತ್ತ ಹೊಟ್ಟೆ ಸುಮ್ಮನಿರುತ್ತದೆಯೇ?

"ಹಾಳಾಗಿ ಹೋಗ್ಲಿ ಕಟ್ಟುಪಾಡು!" ಅಂದವಳೇ ತಲೆಯೆತ್ತಿದಳು.

ಆಚೆ ನೀರಿನಿಂದೆದ್ದ ಕೆಸರುಗುಪ್ಪೆಯ ಮೇಲೆ ಒಂದು ಪುಟ್ಟ ಕೈ ಬಿಸಿಲಿಗೆ ಮಿನುಗುತ್ತಾ ಏಳುತ್ತಿತ್ತು, ಇಳಿಯುತ್ತಿತ್ತು. ಬಾ, ಬಾ, ಬಾ. ಅದರ ಪಕ್ಕದಲ್ಲೇ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು ಹೊನ್ನಿ.

"ಓ! ಬಂದೆ!" ಅಂತ ದೇಮು ಓಡಿದಳು. ಬಳಚಿನ ಬುಟ್ಟಿ ಒಂದು ಕಡೆ, ಕತ್ತಿ ಒಂದು ಕಡೆ. ನಡುವಿನ ತಗ್ಗಿನಲ್ಲಿ ಎದೆಮಟ್ಟದ ನೀರು ದಾಟಿ, ಕೆಸರಿನಿಂದ ಮಗಳನ್ನು ಕಿತ್ತು ಹೆಗಲಿಗೆ ಹಾಕಿಕೊಂಡಳು. ಏಡಿಯನ್ನೂ ಬಿಡಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು.

ದಡಕ್ಕೆ ಬಂದು ಏಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಮಗಳನ್ನ ಉಳಿಸಿಕೊಟ್ಟೆ ಮಾರಾಯಾ. ನಿನ್ನ ಋಣ ನಾನು ಹೇಗೆ ತೀರಿಸ್ಲಿ? ಮೊದಲ ಕೂಗಿಗೇ ಓ ಅಂದಿದ್ರೆ ನಿನ್ನ ಕೈ ಉಳೀತಿತ್ತು. ಹೋದ ವರ್ಷ ಅವರು ಓ ಅಂದಿದ್ರೆ ಅವರೂ ಉಳೀತಿದ್ರು."

ಏಡಿಗೆ ಮಾತು ಬರಲಿಲ್ಲ. ಕೈ ಎತ್ತಿ ಮೆಲ್ಲಗೆ ಬೀಸಿತು, ಅಳಬೇಡ ಅನ್ನುವ ಹಾಗೆ.

ದೇಮು ಗಾಯಕ್ಕೆ ಅರಿಶಿನ ತೇಯ್ದು ಹಚ್ಚಿದಳು. ಬೀಸಿ ಬೀಸಿ ಸೋತಿದ್ದ ಬಲಗೈಗೂ ದಪ್ಪಗೆ ಬಳಿದಳು. ಹೊನ್ನಿ ದಿನಾ ಅನ್ನ ತಿನ್ನಿಸಿದಳು. ಇವರ ಉಪಚಾರ ಎಷ್ಟಾಯಿತೆಂದರೆ ಬಲಗೈ ಬೆಳೆದು ಬೆಳೆದು ಮೈಯಷ್ಟೇ ದೊಡ್ಡದಾಯಿತು. ಹೋದ ಎಡಗೈ ಪುಟ್ಟದಾಗಿ ಚಿಗುರಿತು. ಅರಿಶಿನದ ಬಣ್ಣ ಮಾತ್ರ ಹೋಗಲೇ ಇಲ್ಲ, ದನಿ ಮತ್ತೆ ಬರಲೇ ಇಲ್ಲ. ಬಿಲದೊಳಗೇ ಇದ್ದ ಹೆಂಡತಿಗೆ ಎರಡೂ ಕೈ ಚಿಕ್ಕವಾಗಿಯೇ ಉಳಿದವು. ಗಂಡನಿಗಿಲ್ಲದ ಮಾತು ತನಗೂ ಬೇಡವೆಂದು ಅವಳೂ ಬಾಯಿ ಮುಚ್ಚಿದಳು. ಅಷ್ಟು ಜೋರಿನ ಹೆಂಗಸು!

ದೇಮು ಕಡಲನ್ನೂ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಲ್ಲಿ ನಿಂತಳು. "ಹೊತ್ತುಗೊತ್ತು ಇಲ್ವಾ ನಿಂಗೆ? ಬರೂದಾದ್ರೆ ಹೇಳಿ ಬಾ!"

ಕಡಲು ನಾಚಿ ಹಿಂದೆ ಸರಿಯಿತು. "ತಪ್ಪಾಯ್ತು ದೇಮಕ್ಕಾ. ಇನ್ನು ದಿನಕ್ಕೆ ಎರಡೇ ಸಲ ಬರ್ತೇನೆ. ಚಂದ್ರನ್ನ ಕೇಳಿಕೊಂಡೇ ಬರ್ತೇನೆ."

ಹಳೇಬಂದರ ಈಗ ನಿಜಕ್ಕೂ ಹಳೆಯದಾಗಿದೆ. ಸುಣ್ಣ ಕೇಳುವ ದೆವ್ವ, ಕೂದಲು ಬಾಚುವ ದೆವ್ವ ಇನ್ನೂ ಇವೆಯಂತೆ, ಇರಲಿ ಬಿಡಿ. ಆದರೆ ಆ ಊರಿನಲ್ಲಿ ಒಂದೇ ಸಲ ಕರೆದರೂ ಮನೆಮನೆಯಿಂದ "ಓ" ಅನ್ನುತ್ತಾರೆ, ಸಾರು ಬಿಸಿಯಾಗಿಯೇ ಇರುತ್ತದೆ. ಆ ಏಡಿಯ ಕುಲದವನ್ನು ಮಾತ್ರ ಯಾರೂ ಪಾತ್ರೆಗೆ ಹಾಕುವುದಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ನೀರು ಇಳಿದಾಗ ಅಳಿವೆಗೆ ಹೋದರೆ ಕೆಸರಿನ ತುಂಬ ಅದೇ ಕುಲದ ಪುಟ್ಟ ಗಂಡು ಏಡಿಗಳು ಒಂದೊಂದು ದೊಡ್ಡ ಅರಿಶಿನದ ಕೈ ಎತ್ತಿ ಸದ್ದಿಲ್ಲದೆ ಬೀಸುತ್ತಿರುತ್ತವೆ. ಅದು ಅವುಗಳ ಮೂರನೇ ಕೂಗು, ಕಂಡ ಕೂಡಲೇ ನೀನೂ ಕೈಯೆತ್ತಿ "ಓ" ಅನ್ನು.