ಕಬ್ಬಿಣದ ಬೀರುವಿಗೆ ಹಾರ

ವಿಶ್ವವಿದ್ಯಾಲಯದ ವೆಬ್‌ಸೈಟು ಪ್ರತಿ ವರ್ಷವೂ ಫಲಿತಾಂಶದ ದಿನವೇ ಮಲಗಿಬಿಡುತ್ತಿತ್ತು. ಈ ಸಲ ಕುಲಸಚಿವ ಪಟ್ಟಣಶೆಟ್ಟಿ ಸಾಹೇಬರು ಕಂಪ್ಯೂಟರ್ ಆಪರೇಟರ್ ಸುಭದ್ರಮ್ಮನನ್ನು ಕರೆಸಿದರು.

"ಸಣ್ಣಪುಟ್ಟದ್ದೆಲ್ಲ ನಂಗೆ ಬೇಡ. ನೋಡಿದವರು ಹೆದರಬೇಕು, ಅಂಥ ಸರ್ವರ್ ತಂದು ನಿಲ್ಲಿಸಿ. ಸೈಟು ಮಲಗಿದ್ರೆ ನೀವು ಮನೆಗೆ!"

"ಆಗ್ಲಿ ಸರ್," ಅಂದಳು ಸುಭದ್ರಮ್ಮ.

ಫಲಿತಾಂಶದ ಬೆಳಿಗ್ಗೆ ಆಫೀಸಿನಲ್ಲಿ ಆಳೆತ್ತರದ ಕಬ್ಬಿಣದ ಬೀರು ಗುಂಯ್ ಅನ್ನುತ್ತಾ ನಿಂತಿತ್ತು. ಸರ್ವರ್ ಅಂದ್ರೆ ಇದೇ ಎಂದು ಸಾಹೇಬರು ಹಿಗ್ಗಿಹೋದರು. ಕುಂಕುಮವಿಟ್ಟು, ಮಾರುದ್ದದ ಸೇವಂತಿಗೆ ಹಾರ ಹಾಕಿ, ತೆಂಗಿನಕಾಯಿ ಒಡೆದರು. ಫಲಿತಾಂಶ ಬಿಟ್ಟದ್ದೇ ತಡ, ಇಡೀ ಜಿಲ್ಲೆಯ ಹುಡುಗರು ಒಮ್ಮೆಲೇ ಮುಗಿಬಿದ್ದರು. ಸೈಟು ಅಲುಗಲಿಲ್ಲ. ಕೇಳಿದವರಿಗೆಲ್ಲ ಕಣ್ಣು ಮಿಟುಕಿಸುವುದರೊಳಗೆ ಅಂಕಪಟ್ಟಿ!

"ಗಾತ್ರ ಅಂದ್ರೆ ಇದು!" ಎಂದು ಸಾಹೇಬರು ಬೀರುವನ್ನು ತಟ್ಟಿದರು. ಬಾಗಿಲು ತೆರೆದುಕೊಂಡಿತು. ಒಳಗೆ ತಿರುಗುತ್ತಿದ್ದ ಒಂದು ಟೇಬಲ್ ಫ್ಯಾನು, ಸಿಬ್ಬಂದಿಯ ಊಟದ ಡಬ್ಬಿಗಳು, ನಡುವೆ ಡಬ್ಬಿಯಷ್ಟೇ ಗಾತ್ರದ ಕಂಪ್ಯೂಟರು.

"ಇಷ್ಟೇನಾ?"

"ಇಷ್ಟೇ ಸರ್. ಹಳೇ ಸರ್ವರು ಬಂದವರಿಗೆಲ್ಲ ಒಬ್ಬೊಬ್ಬ ಆಳು ಕೊಡ್ತಿತ್ತು ಅನ್ಕೊಳ್ಳಿ. ಅಂಕ ಸಿಗೋವರೆಗೂ ಆಳು ಸುಮ್ನೆ ಕಾಯ್ತಿದ್ದ. ಆಳುಗಳೇ ತುಂಬಿ ಅದಕ್ಕೆ ಉಸಿರು ಕಟ್ತಿತ್ತು. ಈ ಹಗುರದ ಸರ್ವರು ನಮ್ಮ ಕ್ಯಾಂಟೀನ್ ರುದ್ರಣ್ಣನ ಥರ. ದೋಸೆ ಬೇಯೋವರೆಗೂ ಅವನು ಒಬ್ಬರ ಮುಂದೇ ನಿಲ್ಲಲ್ಲ. ಒಳಗೆ ಕೂಗಿ ಹೇಳಿ ಮುಂದಿನವರ ಕಡೆ ತಿರುಗ್ತಾನೆ. ಬೆಂದಿದ್ದನ್ನ ಬೆಂದ ಹಾಗೆ ಕೊಡ್ತಾನೆ. ಒಬ್ಬನೇ ಸಾಕು."

ಸಾಹೇಬರು ಬೈಯಲಿಲ್ಲ. ಬಗ್ಗಿ ನೋಡಿದರು. ಆಮೇಲೆ ಬೀರುವಿನ ಹಾರ ತೆಗೆದು, ಎರಡೂ ಕೈಯಿಂದ ಆ ಪುಟ್ಟ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆ ಹೂವಿನಲ್ಲಿ ಮುಳುಗಿಯೇ ಹೋಯಿತು. ಅಂಕಪಟ್ಟಿಗಳು ಮಾತ್ರ ಹೋಗುತ್ತಲೇ ಇದ್ದವು.